ದುಬೈಗೆ ಹೊರಟ ಅಕ್ಕನ ಮಗಳಿಗೆ

ಮಗಳೇ,

ಮೊದಲು ಪೆಟ್ಟಿಗೆ ಬಿಚ್ಚಿ ಗಸಗಸೆ ಪೊಟ್ಟಣವನ್ನು ಹೊರಗೆ ತೆಗೆ. ಪಾಯಸಕ್ಕೆ ಬೇಕಾದೀತು ಅಂತ ಅಜ್ಜಿ ಪ್ರೀತಿಯಿಂದಲೇ ಇಟ್ಟಿರುತ್ತಾರೆ. ಆದರೆ ಅಫೀಮು ಗಿಡದ ಬೀಜ ಎಂಬ ಕಾರಣಕ್ಕೆ ಯುಎಇಯಲ್ಲಿ ಗಸಗಸೆಗೆ ನಿಷೇಧ ಉಂಟು. ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರೆ ಅಜ್ಜಿಯ ಪಾಯಸದ ಕತೆಯನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಕೊಡೀನ್, ಟ್ರಮಡಾಲ್ ಬೆರೆತ ಕೆಮ್ಮಿನ ಔಷಧ, ನೋವಿನ ಮಾತ್ರೆಗಳ ಗತಿಯೂ ಅದೇ. ಬೇರೆಯವರು 'ನಮ್ಮ ಹುಡುಗನಿಗೆ ಕೊಟ್ಟುಬಿಡು' ಅಂತ ಕೊಡುವ ಕಟ್ಟನ್ನು ಬಿಚ್ಚಿ ನೋಡದೆ ತೆಗೆದುಕೊಳ್ಳಬೇಡ. ಕೊಡುವವರಿಗೆ ಬೇಸರವಾದರೆ ಆಗಲಿ.

ಇನ್ನೊಂದು, ನಮ್ಮದು ಅಡಿಕೆ ತೋಟದ ಊರು. ಅಲ್ಲಿ ಪಾನ್ ಮಾರುವಂತಿಲ್ಲ, ರಸ್ತೆಯಲ್ಲಿ ಉಗುಳಿದರೆ ದಂಡ. ನೀನು ಜಗಿಯುವವಳಲ್ಲ, ಗೊತ್ತು. ನಾಳೆ ಭಾವ ನಿನ್ನನ್ನು ನೋಡಲು ಬಂದಾಗ ಈ ಮಾತು ಉಪಯೋಗಕ್ಕೆ ಬರುತ್ತದೆ.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ಕೆಲಸದ ಕರಾರುಪತ್ರದ ಪ್ರತಿ ನಿನ್ನ ಕೈಯಲ್ಲಿರಲಿ. ಪಾಸ್‌ಪೋರ್ಟನ್ನು ಕಂಪನಿ ತನ್ನ ಕಪಾಟಿನಲ್ಲಿ ಇಟ್ಟುಕೊಳ್ಳುವಂತಿಲ್ಲ, ಅಲ್ಲಿನ ಕಾನೂನೇ ಹಾಗೆ. 2009ರಿಂದ ಸಂಬಳ ಬ್ಯಾಂಕಿನ ಮೂಲಕವೇ ಕೊಡಬೇಕೆಂಬ ವ್ಯವಸ್ಥೆ ಬಂದಿದೆ. ತಿಂಗಳು ತಪ್ಪಿದರೆ ಸರಕಾರಕ್ಕೆ ಗೊತ್ತಾಗುತ್ತದೆ. ಎಮಿರೇಟ್ಸ್ ಐಡಿ ಕೈಸೇರಿದ ವಾರದಲ್ಲೇ ಕ್ರೆಡಿಟ್ ಕಾರ್ಡಿನವರ, ಸಾಲದವರ ಫೋನು ಶುರುವಾಗುತ್ತದೆ. ಬಿ.ಕಾಂ. ಓದಿದವಳಿಗೆ ಬಡ್ಡಿಯ ಲೆಕ್ಕ ನಾನು ಹೇಳಿಕೊಡಬೇಕೇ? ಬೇರೆಯವರ ಸಾಲಕ್ಕೆ ಮಾತ್ರ ಯಾವ ಕಾರಣಕ್ಕೂ ಜಾಮೀನು ಹಾಕಬೇಡ.

ಇಷ್ಟನ್ನು ಯಾವ ಏಜೆಂಟನೂ ಹೇಳುತ್ತಾನೆ. ಅವನು ಹೇಳದ ಸಂಗತಿ ಮೊದಲ ತಿಂಗಳ ಸಂಜೆಯದು. ಆಫೀಸು ಮುಗಿಸಿ ಕರಾಮಾದ ನಿನ್ನ ಕೋಣೆಗೆ ಬರುತ್ತೀ. ಕೋಣೆಯೆಂದರೆ ಒಂದು ಮಂಚ, ಒಂದು ಕಪಾಟು, ನಡುವೆ ಒಂದು ಪರದೆ. ಅದಕ್ಕೆ ಬೆಡ್‌ಸ್ಪೇಸ್ ಅನ್ನುತ್ತಾರೆ. ಪಕ್ಕದ ಮಂಚದವಳು ಫಿಲಿಪ್ಪೀನ್ಸಿನವಳಿರಬಹುದು, ಕಣ್ಣೂರಿನವಳಿರಬಹುದು, ಅವಳು ಅವಳ ಮನೆಯವರೊಂದಿಗೆ ಫೋನಿನಲ್ಲಿರುತ್ತಾಳೆ. ಆಗ ಅಳು ಬರುತ್ತದೆ. ಬರಲಿ. 1325ರಲ್ಲಿ ಇಪ್ಪತ್ತೊಂದು ವರ್ಷದ ಒಬ್ಬ ಹುಡುಗ ಮೊರಾಕೋದ ತಾಂಜಿಯರ್ ಬಿಟ್ಟು ಒಬ್ಬನೇ ಹೊರಟು ಟ್ಯೂನಿಸ್ ಪಟ್ಟಣ ಸೇರಿದ. ಜೊತೆಗೆ ಬಂದ ಪ್ರಯಾಣಿಕರನ್ನು ಅವರವರ ಪರಿಚಯದವರು ಬಂದು ಮಾತನಾಡಿಸಿದರು. ಇವನನ್ನು ಕೇಳುವವರಿಲ್ಲ. ನಿಂತಲ್ಲೇ ಅತ್ತ. ಅದನ್ನು ಕಂಡ ಯಾತ್ರಿಕನೊಬ್ಬ ಬಳಿ ಬಂದು ಸಮಾಧಾನ ಮಾಡಿದ. ಹೀಗೆ ಅತ್ತವನು ಇಬ್ನ್ ಬತೂತಾ. ಆಮೇಲೆ ಅವನು ಎಲ್ಲೆಲ್ಲಿ ತಿರುಗಿದ ಅನ್ನುವುದನ್ನು ಶಾಲೆಯಲ್ಲಿ ಓದಿದ್ದೀ. ಸುಮಾರು 1342ರ ಹೊತ್ತಿಗೆ ನಮ್ಮ ಮಂಗಳೂರಿಗೂ ಬಂದ. ಪಾರಸಿ ದೇಶದ, ಯೆಮನಿನ ವರ್ತಕರು ಇಳಿಯುವ ಬಂದರು ಇದೆಂದೂ ಮೆಣಸು, ಶುಂಠಿ ಇಲ್ಲಿ ಧಾರಾಳವೆಂದೂ ಬರೆದಿಟ್ಟ. ಹಡಗಿನಿಂದ ಇಳಿಯುವ ಮೊದಲು ಬಾರಕೂರಿನಲ್ಲೂ ಮಂಗಳೂರಿನಲ್ಲೂ ಅವನ ಕಡೆಯವರು ಒಂದು ಷರತ್ತು ಹಾಕಿದರಂತೆ, ರಾಜನ ಮಗ ಒತ್ತೆಯಾಗಿ ಹಡಗಿಗೆ ಬರಬೇಕು ಅಂತ. ಕರಾರುಪತ್ರ ನೋಡಿಯೇ ಸಹಿ ಹಾಕು ಅಂತ ನಾನು ಹೇಳಿದರೆ ಅಕ್ಕ 'ನಿನಗೆ ಎಲ್ಲದರಲ್ಲೂ ಸಂಶಯ' ಅನ್ನುತ್ತಾಳೆ. ನನಗಿಂತ ದೊಡ್ಡ ಸಂಶಯದವರು ನಮ್ಮ ಕಡಲಿಗೇ ಬಂದು ಹೋಗಿದ್ದಾರೆ.

ದುಬೈಯಲ್ಲಿ ಅವನ ಹೆಸರಿನ ಒಂದು ದೊಡ್ಡ ಮಾಲ್ ಉಂಟು. ಅವನು ತಿರುಗಿದ ಸೀಮೆಗಳ ಹೆಸರಿನಲ್ಲಿ ಆರು ಅಂಗಣ ಮಾಡಿದ್ದಾರೆ, ಒಂದಕ್ಕೆ ಭಾರತದ ಹೆಸರು, ಅದರಲ್ಲಿ ಒಂದು ಆನೆ ಗಡಿಯಾರ. ಯಾವಾಗಲಾದರೂ ಹೋಗು, ಅವಸರವಿಲ್ಲ.

ಅವಸರವಿಲ್ಲ ಅನ್ನುವುದನ್ನೇ ಸ್ವಲ್ಪ ಬಿಡಿಸಿ ಹೇಳಬೇಕು. ಹೊಸತಾಗಿ ಹೋದವರು ಮೊದಲ ರಜೆಗಳಲ್ಲೇ ನೋಡಬೇಕಾದ ಜಾಗಗಳ ಪಟ್ಟಿ ಹಿಡಿದು ಓಡುತ್ತಾರೆ. 828 ಮೀಟರಿನ ಬುರ್ಜ್ ಖಲೀಫಾದ ಎದುರು ಫೋಟೋ, ಕಾರಂಜಿಯ ಎದುರು ಫೋಟೋ, ಮರಳಿನ ಮೇಲೆ ಒಂಟೆಯ ಪಕ್ಕ ಫೋಟೋ. ಮೂರು ತಿಂಗಳಲ್ಲಿ ನೋಡುವುದೆಲ್ಲ ಮುಗಿಯುತ್ತದೆ, ಊರು ಮಾತ್ರ ಪರಿಚಯವಾಗಿರುವುದಿಲ್ಲ. ಮತ್ತೆ ಕೋಣೆ, ಆಫೀಸು, ಸೂಪರ್ ಮಾರ್ಕೆಟ್ಟು, ಇಷ್ಟರಲ್ಲೇ ವರ್ಷ ಕಳೆಯುತ್ತದೆ. ಹತ್ತು ವರ್ಷ ಇದ್ದು ಬಂದು 'ದುಬೈಯಲ್ಲಿ ಏನುಂಟು ಮಾರಾಯ್ರೇ, ಬರೀ ಕಟ್ಟಡ' ಅನ್ನುವವರನ್ನು ನಮ್ಮ ಪುಂಜಾಲಕಟ್ಟೆ ಪೇಟೆಯಲ್ಲೇ ನೋಡಿದ್ದೀ.

ವಾಮದಪದವಿನಿಂದ ಬಿ.ಸಿ.ರೋಡಿಗೆ ಹೋಗುವ ಬಸ್ಸಿನಲ್ಲಿ ನೀನು ಕಣ್ಣು ಮುಚ್ಚಿ ಕೂತರೂ ಯಾವ ತಿರುವು ಬಂತು ಅಂತ ಹೇಳಬಲ್ಲೆ. ಕಾಲೇಜಿಗೆ ಏರುವ ದಾರಿಯಲ್ಲಿ ಎಲ್ಲಿ ಮಳೆನೀರು ನಿಲ್ಲುತ್ತದೆ, ಎಲ್ಲಿ ಜಂಬಿಟ್ಟಿಗೆ ಕಲ್ಲು ಜಾರುತ್ತದೆ ಅಂತ ನಿನ್ನ ಕಾಲಿಗೆ ಗೊತ್ತು. ಈ ತಿಳಿವಳಿಕೆಯನ್ನು ಯಾರೂ ನಿನಗೆ ಕಲಿಸಲಿಲ್ಲ, ಅದೇ ದಾರಿಯಲ್ಲಿ ಮತ್ತೆ ಮತ್ತೆ ಹೋಗಿ ಬಂತು. ಅಲ್ಲಿಯೂ ಒಂದೇ ಒಂದು ದಾರಿಯನ್ನು ಆರಿಸಿಕೋ, ಅದನ್ನೇ ಬೇರೆ ಬೇರೆ ಹೊತ್ತಿನಲ್ಲಿ ನಡೆ.

ಯಾವ ದಾರಿ ಅಂದರೆ ನಾನು ಹಳೇ ದುಬೈಯದನ್ನೇ ಹೇಳುತ್ತೇನೆ, ನನಗೆ ಪಕ್ಷಪಾತ ಉಂಟು. ಮೆಟ್ರೋದ ಗ್ರೀನ್ ಲೈನಿನಲ್ಲಿ ಅಲ್ ಗುಬೈಬಾ ಸ್ಟೇಷನಿನಲ್ಲಿ ಇಳಿ. ಬಟ್ಟೆ ಅಂಗಡಿಗಳ ಸಾಲು ಹಾದು ಕ್ರೀಕಿನ ದಡಕ್ಕೆ ಬಾ. ಅಲ್ಲಿಂದ ಆಚೆ ದಡಕ್ಕೆ ಅಬ್ರಾ ಎಂಬ ಮರದ ದೋಣಿ ಹೋಗುತ್ತದೆ, ಒಂದು ದಿರ್ಹಮ್. ಆಚೆ ದೇರಾ. ಇಳಿದರೆ ಎದುರಿಗೇ ಮಸಾಲೆ ಪೇಟೆ; ಏಲಕ್ಕಿ, ಕೇಸರಿ, ಕಪ್ಪಾಗಿ ಒಣಗಿದ ನಿಂಬೆ, ಇರಾನಿನ ಅಂಗಡಿಯವರು. ದಡದುದ್ದಕ್ಕೂ ಸರಕಿನ ದೊಡ್ಡ ಮರದ ಹಡಗುಗಳು ಕಟ್ಟಿರುತ್ತವೆ. ಮಂಗಳೂರು ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೇರಿಕೊಂಡು ಹೋಗುವ ಮಂಜಿ ನೋಡಿದ್ದರೆ ಗುರುತು ಸಿಗುತ್ತದೆ. ಹಿಂದಿರುಗುವಾಗ ಅಲ್ ರಾಸ್‌ನಲ್ಲಿ ಮೆಟ್ರೋ ಹತ್ತಿದರೆ ಒಂದೇ ಸ್ಟೇಷನು, ಅಷ್ಟು ಹೊತ್ತು ದೋಣಿಯಲ್ಲಿ ದಾಟಿದ ನೀರಿನ ಅಡಿಯಿಂದಲೇ ವಾಪಸು ಬರುತ್ತೀ. 2009ಕ್ಕೆ ಮೊದಲು ದುಬೈಯಲ್ಲಿ ಮೆಟ್ರೋವೇ ಇರಲಿಲ್ಲ. ನಮ್ಮ ಕಾಲದಲ್ಲಿ ಆಚೆಯ ಕೆಲಸಕ್ಕೆ ಈಚೆಯಿಂದ ಹೋಗುವವರಿಗೆ ಅಬ್ರಾವೇ ಗತಿ.

ಒಂದು ಸಲ ಬೆಳಿಗ್ಗೆ ಬೇಗ ಹೋಗು, ಕೂಲಿಯವರು ಹಡಗಿಗೆ ಫ್ರಿಡ್ಜು, ಟೈರು ಹೇರುತ್ತಿರುತ್ತಾರೆ. ಇನ್ನೊಂದು ಸಲ ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಹೋಗು, ಅದೇ ಗಲ್ಲಿ ಖಾಲಿ. ಮತ್ತೊಮ್ಮೆ ರಂಜಾನಿನ ಸಂಜೆ. ನಾಲ್ಕನೆಯ ಸಲಕ್ಕೆ ಕರಕ್ ಚಾದ ಅಂಗಡಿಯವನು, ಹೆಚ್ಚಾಗಿ ಕಾಸರಗೋಡು, ಮಲಪ್ಪುರಂ ಕಡೆಯವನು, 'ಸಕ್ಕರೆ ಕಡಿಮೆಯಾ?' ಅಂತ ತಾನೇ ಕೇಳುತ್ತಾನೆ. ಅವನಿಗೆ ತುಳುವೂ ಬರಬಹುದು. ಆ ದಿನದಿಂದ ಊರು ಸ್ವಲ್ಪ ನಿನ್ನದು.

ದಾರಿ ಕೇಳುವುದಕ್ಕೆ ನಾಚಬೇಡ. ಅಲ್ಲಿ ಯಾರೂ ರಸ್ತೆಯ ಹೆಸರು ಹೇಳುವುದಿಲ್ಲ, ಇಂಥ ಬ್ಯಾಂಕಿನ ಹಿಂದೆ, ಇಂಥ ಹೋಟೆಲಿನ ಎದುರು ಅನ್ನುತ್ತಾರೆ, ನಮ್ಮ ಕಟ್ಟೆ, ಕ್ರಾಸುಗಳ ಹಾಗೆಯೇ. ಅಂಗಡಿ ಮುಚ್ಚಿ ವರ್ಷಗಳಾದರೂ ಅದರ ಹೆಸರಿನಲ್ಲೇ ಗುರುತು ಹೇಳುವವರಿದ್ದಾರೆ. ಅದು ಸಾಲದೆಂದು ಸರಕಾರ ಪ್ರತಿ ಕಟ್ಟಡಕ್ಕೂ ಹತ್ತು ಅಂಕಿಯ ಮಕಾನಿ ನಂಬರು ಕೊಟ್ಟಿದೆ, ಬಾಗಿಲ ಹತ್ತಿರ ಬರೆದಿರುತ್ತದೆ. ನಿನ್ನ ಕಟ್ಟಡದ ನಂಬರನ್ನು ಮೊದಲ ದಿನವೇ ಬರೆದಿಟ್ಟುಕೋ; ಆಂಬುಲೆನ್ಸಿನವರಿಗೆ ಜಾಗ ಹೇಳಲು ಅದೊಂದೇ ಸಾಕು. ಅರಬ್ಬಿ ಅಂಕಿ ಕಲಿತುಕೋ, ಬಸ್ಸಿಗೆ ಕಾಯುವಾಗ ಬೇರೆ ಕೆಲಸವೇನು? ಸಿಗ್ನಲ್ ಇಲ್ಲದಲ್ಲಿ ಮಾತ್ರ ರಸ್ತೆ ದಾಟಬೇಡ, ದಂಡ 400 ದಿರ್ಹಮ್‌ಗೆ ಕಡಿಮೆಯಿಲ್ಲ. ಮೆಟ್ರೋದಲ್ಲಿ ತಿಂದರೂ ದಂಡ. ಹೆಂಗಸರಿಗೆ ಬೇರೆ ಡಬ್ಬಿ ಉಂಟು, ಗುಲಾಬಿ ಮಾಡಿನ ಟ್ಯಾಕ್ಸಿಗಳನ್ನು ಹೆಂಗಸರೇ ಓಡಿಸುತ್ತಾರೆ. ರಾತ್ರಿ ತಡವಾದರೂ ಅಲ್ಲಿ ನಿನಗೆ ಬಿ.ಸಿ.ರೋಡಿನಲ್ಲಿ ಕೊನೇ ಬಸ್ಸಿಗೆ ಕಾಯುವಾಗಿನ ಎದೆಬಡಿತ ಇರುವುದಿಲ್ಲ. ಇದನ್ನು ಅಮ್ಮನಿಗೂ ಹೇಳು.

ನೀನು ಅಕ್ಟೋಬರದಲ್ಲಿ ಹೋಗುತ್ತಿರುವುದು ಒಳ್ಳೆಯದಾಯಿತು. ಮಾರ್ಚಿನವರೆಗೆ ನಡೆಯುವ ಕಾಲ. ಆಮೇಲೆ ಸೆಕೆ ಏರುತ್ತದೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದೆಂದು ಸರಕಾರವೇ ನಿಯಮ ಮಾಡಿದೆ. ಆ ದಿನಗಳಲ್ಲಿ ಬಸ್ಸಿನಲ್ಲಿ ಕೂತೇ ಊರು ನೋಡು. ಯಾವುದಾದರೂ ಬಸ್ಸು ಹತ್ತಿ ಕೊನೇ ಸ್ಟಾಪಿನವರೆಗೆ ಹೋಗಿ ಅದರಲ್ಲೇ ವಾಪಸು ಬಾ. ಮಳೆಯ ಆಸೆ ಇಟ್ಟುಕೊಳ್ಳಬೇಡ. 2024ರ ಏಪ್ರಿಲ್ 16ರಂದು ಒಂದು ಮಳೆ ಬಂತು, ದುಬೈಯ ರಸ್ತೆಗಳಲ್ಲಿ ಕಾರುಗಳು ಮುಳುಗಿದವು. ಅಲ್ ಐನ್ ಕಡೆ ಒಂದು ದಿನದಲ್ಲಿ 254 ಮಿಲಿಮೀಟರು ದಾಟಿತು, ಎಪ್ಪತ್ತೈದು ವರ್ಷಗಳಲ್ಲೇ ದೊಡ್ಡ ಮಳೆ ಅಂದರು. ಟಿವಿಯಲ್ಲಿ ನೋಡಿದ ಅಜ್ಜಿ, 'ಇಷ್ಟೇಯಾ? ನಮಗೆ ಆಟಿಯಲ್ಲಿ ಇದು ಮಾಮೂಲು' ಅಂದರು.

ಈಗ ನಮ್ಮವರ ವಿಷಯ. ಇದರಲ್ಲಿ ಸ್ವಲ್ಪ ಎಚ್ಚರದಿಂದ ಮಾತಾಡಬೇಕು, ಓದುವವರಲ್ಲಿ ನೆಂಟರೂ ಇದ್ದಾರೆ. ದುಬೈಯಲ್ಲಿ ನಮ್ಮ ಜಿಲ್ಲೆಯವರು ಎಷ್ಟಿದ್ದಾರೆಂದರೆ ಜಾತಿಗೊಂದು, ಊರಿಗೊಂದು ಸಂಘ. ಯಕ್ಷಗಾನ ಕಲಿಸುತ್ತಾರೆ, ಮಕ್ಕಳಿಗೆ ಉಚಿತವಾಗಿ ಕನ್ನಡ ಕಲಿಸುವ ಪಾಠಶಾಲೆ ನಡೆಸುತ್ತಾರೆ. ಹೋಗು, ತಾಳಮದ್ದಳೆ ಕೇಳು, ಊಟ ಮಾಡು. ಜ್ವರ ಬಂದಾಗ ಗಂಜಿ ತರುವವರು ಅವರೇ. ಆದರೆ ಪ್ರತಿ ರಜೆಯನ್ನೂ ಅಲ್ಲೇ ಕಳೆದರೆ ಬಂಟ್ವಾಳ ತಾಲೂಕು ಬಿಟ್ಟು ಹೋದದ್ದು ಯಾಕೆ? ವಾರ ಬಿಟ್ಟು ವಾರ ಹೋಗು. ನಡುವಿನ ವಾರ ನಿನ್ನ ದಾರಿಗೆ.

ಒಂದು ವಿಷಯ ಕಟ್ಟುನಿಟ್ಟಾಗಿ ಹೇಳುತ್ತೇನೆ. ಊರಿನ ಬ್ರಹ್ಮಕಲಶಕ್ಕೋ ದೈವಸ್ಥಾನಕ್ಕೋ ಅಂತ ಯಾರಾದರೂ ರಶೀದಿ ಪುಸ್ತಕ ಕಳಿಸಿದರೆ ಅದನ್ನು ಹಿಡಿದು ಅಲ್ಲಿ ಹಣ ಎತ್ತಬೇಡ, ವಾಟ್ಸ್ಯಾಪಿನಲ್ಲೂ ಕೇಳಬೇಡ. ಅನುಮತಿ ಇಲ್ಲದೆ ದೇಣಿಗೆ ಸಂಗ್ರಹಿಸುವುದು ಅಲ್ಲಿ ಅಪರಾಧ. ನೀನು ಕೊಡುವುದಿದ್ದರೆ ಊರಿಗೆ ಬಂದಾಗ ಕೈಯಾರೆ ಕೊಡು. ವಾಟ್ಸ್ಯಾಪಿನಲ್ಲಿ ಯಾರನ್ನಾದರೂ ಬೈದರೆ ಅದೂ ಕೇಸು. ಕೇಳದೆ ಬೇರೆಯವರ ಫೋಟೋ ತೆಗೆದರೂ ಅಷ್ಟೇ.

ನಮ್ಮ ಕಡೆಯಿಂದ ಅರಬ್ಬರ ಸೀಮೆಗೆ ಹೋಗುವುದು ಪೆಟ್ರೋಲಿನ ಕಾಲದಲ್ಲಿ ಶುರುವಾದದ್ದು ಅಂದುಕೊಳ್ಳಬೇಡ. ಹನ್ನೆರಡನೆಯ ಶತಮಾನದಲ್ಲಿ, ಸುಮಾರು 1132ರಿಂದ 1149ರವರೆಗೆ, ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿದ್ದ. ಅವನ ಕಾಗದಗಳು ಕೈರೋದ ಹಳೆಯ ಸಿನಗಾಗಿನಲ್ಲಿ ಸಿಕ್ಕಿದವು. ಅವನಲ್ಲಿ ಊಳಿಗಕ್ಕಿದ್ದ ಒಬ್ಬನನ್ನು ವ್ಯಾಪಾರದ ಕೆಲಸಕ್ಕೆ ಏಡನ್ನಿಗೆ ಕಳಿಸಿದ್ದ. ಅಮಿತಾವ್ ಘೋಷ್ 1992ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಆ ಊಳಿಗದವನ ಜಾಡು ಹಿಡಿದು, ಕಾಗದಗಳಲ್ಲಿರುವ ಅವನ ಹೆಸರು ತುಳುನಾಡಿನ ಬೊಮ್ಮ ಅಂತ ತೀರ್ಮಾನಿಸಿದರು. ಅದಕ್ಕೆ ನೆರವಾದವರಲ್ಲಿ ನಮ್ಮದೇ ತಾಲೂಕಿನ ಪುಣಚದ ಬಿ.ಎ. ವಿವೇಕ ರೈ ಒಬ್ಬರು. ಏಡನ್ನಿನ ದೊಡ್ಡ ವರ್ತಕ ಮದ್ಮೂನ್ ಬೆನ್ ಯಿಜುಗೆ ಬರೆದ ಕಾಗದದಲ್ಲಿ ಬೊಮ್ಮನ ಮೇಲೆ ದೂರು ಉಂಟು: ಕುಡಿದು ಬಂದು ಹಣ ಕೇಳಿ ಗಲಾಟೆ ಮಾಡಿದ ಅಂತ. ಊರು ಬಿಟ್ಟವನ ಮೊದಲ ಸಂಜೆಗಳು ಆಗಲೂ ಹಾಗೇ ಇದ್ದವು ಅಂತ ಕಾಣುತ್ತದೆ. ನನಗೆ ಇಷ್ಟವಾಗುವುದು ಮುಂದಿನದು. ಬೊಮ್ಮನ ಕತೆ ಆ ದೂರಿಗೆ ಮುಗಿಯುವುದಿಲ್ಲ. ಆಮೇಲಿನ ಕಾಗದಗಳಲ್ಲಿ ದೂರದ ವರ್ತಕರು ಬೊಮ್ಮನಿಗೆ ಸಲಾಮು ಹೇಳಿ ಕಳಿಸುತ್ತಾರೆ. ಒಂದು ಕೆಟ್ಟ ವಾರಕ್ಕೆ ಹೆದರಿ 'ಮಾವ, ಟಿಕೆಟ್ ಮಾಡಿ' ಅಂತ ಫೋನು ಮಾಡುವ ಮುಂಚೆ ಅವನನ್ನು ನೆನೆ. ಕೆಟ್ಟದ್ದು ವಾರಕ್ಕೆ ನಿಲ್ಲದೆ ತಿಂಗಳುಗಟ್ಟಲೆ ಎಳೆದರೆ, ಸಂಬಳ ಬಾರದಿದ್ದರೆ, ಮರ್ಯಾದೆ ಇಲ್ಲದಿದ್ದರೆ, ಸಂಕೋಚವಿಲ್ಲದೆ ಬಾ. ಊರಿನವರು ಏನಾದರೂ ಅಂದುಕೊಳ್ಳಲಿ.

ಫೋನಿನ ಬಗ್ಗೆ: ವಾಟ್ಸ್ಯಾಪ್ ಕರೆ ಅಲ್ಲಿ ನಡೆಯುವುದಿಲ್ಲ, ಬೋಟಿಮ್ ಹಾಕಿಕೊಳ್ಳಬೇಕು, ಅಕ್ಕನ ಫೋನಿಗೂ ಹಾಕಿ ಕಲಿಸಿಯೇ ಹೊರಡು. ನಮ್ಮಲ್ಲಿ ಒಂಬತ್ತಾದಾಗ ಅಲ್ಲಿ ಏಳೂವರೆ. ಅವಳು ಒಂಬತ್ತಕ್ಕೆ ಧಾರಾವಾಹಿ ಮುಗಿಸಿ ಕರೆ ಮಾಡುತ್ತಾಳೆ, ನೀನು ಆಗ ಮೆಟ್ರೋದಲ್ಲಿರುತ್ತೀ. ಹೊತ್ತು ನಿಗದಿ ಮಾಡಿಕೊಳ್ಳಿ, ಪ್ರತಿ ದಿನ ಬೇಡ. ದಿನವೂ ಮಾತಾಡಿದರೆ ಸಂಜೆಗಳೆಲ್ಲ ವಾಮದಪದವಿನಲ್ಲೇ ಕಳೆಯುತ್ತವೆ. ಮಾತಾಡುವಾಗ ಬುರ್ಜ್ ಖಲೀಫಾ ತೋರಿಸಬೇಡ, ಅದನ್ನು ಅವಳು ಟಿವಿಯಲ್ಲಿ ನೋಡಿದ್ದಾಳೆ. ಅವಳಿಗೆ ಬೇಕಾದದ್ದು ಕುಚ್ಚಲಕ್ಕಿ ಸಿಗುತ್ತದೋ ಇಲ್ಲವೋ, ಕಿಲೋಗೆ ಎಷ್ಟು, ಯಾವ ಅಂಗಡಿ. ಸಿಗುತ್ತದೆ, ಕೇರಳದ ಕೆಂಪಕ್ಕಿ ಕರಾಮಾದಲ್ಲಿ ಬೇಕಾದಷ್ಟುಂಟು. ರೇಟು ಮಾತ್ರ ಸ್ವಲ್ಪ ಕಡಿಮೆ ಮಾಡಿ ಹೇಳು.