ಒಂದೇ ‘ಮಸ್ಟ್’, ಎರಡು ‘ಬೇಕು’

ಪ್ರಶ್ನೆ: ನನ್ನ ಮಗಳು ಎಂಟನೇ ತರಗತಿ. ‘ಫಾದರ್ ಮಸ್ಟ್ ಬಿ ಅಟ್ ಕೆಂಗೇರಿ ಬೈ ನೈನ್’, ‘ಫಾದರ್ ಮಸ್ಟ್ ಬಿ ಅಟ್ ಕೆಂಗೇರಿ ಬೈ ನೌ’ ಎರಡರಲ್ಲೂ ‘ಮಸ್ಟ್’ ಒಂದೇ ಆದರೂ ಅರ್ಥ ಬೇರೆ ಎಂದು ಅವಳ ಟ್ಯೂಷನ್ ಮೇಡಂ ಹೇಳಿಕೊಟ್ಟಿದ್ದಾರೆ. ‘ಮಸ್ಟ್’ ಅಂದರೆ ‘ಬೇಕು’ ತಾನೇ? ವಾಕ್ಯದ ಬಾಲದಲ್ಲಿ ಒಂದು ಪದ ಬದಲಾದರೆ ನಡುವೆ ಕೂತಿರುವ ಪದದ ಅರ್ಥ ಹೇಗೆ ಬದಲಾಗುತ್ತದೆ? ಇದನ್ನು ಮಗಳಿಗೆ ಮನೆಯಲ್ಲಿ ಹೇಳಿಕೊಡುವುದಾದರೂ ಹೇಗೆ?
– ಓದುಗರೊಬ್ಬರು, ಕೆಂಗೇರಿ ಉಪನಗರ

ಉತ್ತರ: ಮೇಡಂ ಹೇಳಿದ್ದು ಸರಿ. ‘ಮಸ್ಟ್’ ಅಂದರೆ ‘ಬೇಕು’ ಎಂದು ನೀವು ಹೇಳಿದ್ದೂ ಸರಿ. ನಮ್ಮ ‘ಬೇಕು’ ಕೂಡ ಇದೇ ಆಟ ಆಡುತ್ತದೆ, ನಾವು ಗಮನಿಸಿರುವುದಿಲ್ಲ ಅಷ್ಟೆ.

ಆ ಎರಡು ವಾಕ್ಯಗಳನ್ನು ಕನ್ನಡದಲ್ಲಿ ಹೇಳಿ ನೋಡಿ. ‘ಅಪ್ಪ ಒಂಬತ್ತರೊಳಗೆ ಕೆಂಗೇರಿಯಲ್ಲಿರಬೇಕು.’ ಇದು ಕಟ್ಟಳೆ. ಅಪ್ಪನಿಗೆ ಅಲ್ಲೇನೋ ಕೆಲಸವಿದೆ, ತಪ್ಪಿಸುವ ಹಾಗಿಲ್ಲ. ‘ಅಪ್ಪ ಇಷ್ಟೊತ್ತಿಗೆ ಕೆಂಗೇರಿಯಲ್ಲಿರಬೇಕು.’ ಇದು ಅಂದಾಜು. ಹೇಳುವವರು ಗಡಿಯಾರ ನೋಡಿ ಲೆಕ್ಕ ಹಾಕುತ್ತಿದ್ದಾರೆ, ಅಪ್ಪನಿಗೆ ಯಾರೂ ಏನೂ ವಿಧಿಸಿಲ್ಲ. ‘ಇರಬೇಕು’ ಎರಡರಲ್ಲೂ ಒಂದೇ. ಅರ್ಥ ತಿರುಗಿದ್ದು ‘ಒಂಬತ್ತರೊಳಗೆ’ ಮತ್ತು ‘ಇಷ್ಟೊತ್ತಿಗೆ’ ಎಂಬ ಕಾಲ ಹೇಳುವ ಮಾತುಗಳಿಂದ. ಇಂಗ್ಲಿಷಿನಲ್ಲಿ ಆ ಕೆಲಸ ಮಾಡುವುದು ‘ಬೈ ನೈನ್’, ‘ಬೈ ನೌ’. ‘ಬೈ’ ಎಂಬ ಪ್ರಿಪೊಸಿಷನ್ನೂ ಅದು ಹಿಡಿದುಕೊಂಡ ಪದವೂ ಸೇರಿ ಆದ ತುಂಡು, ಪ್ರಿಪೊಸಿಷನ್ ಫ್ರೇಸ್.

ಕಾರಣ ಸರಳ. ಕಟ್ಟಳೆ ಯಾವಾಗಲೂ ಮುಂದಿನದನ್ನು ಕುರಿತದ್ದು. ಮುಂದಿನ ಗಡುವೊಂದನ್ನು ಹೇಳಿದರೆ ಅದು ಸಲೀಸಾಗಿ ಹೊಂದುತ್ತದೆ. ‘ಬೈ ನೌ’ ಅಂದಾಗ ಗಡುವು ಆಗಲೇ ಬಂದು ನಿಂತಿದೆ. ಬಂದಾಗಿರುವ ಹೊತ್ತಿಗೆ ಹೊಸದಾಗಿ ಅಪ್ಪಣೆ ಕೊಟ್ಟು ಪ್ರಯೋಜನವಿಲ್ಲ, ಉಳಿಯುವುದು ಊಹೆ ಮಾತ್ರ. ಕೇಳುಗರು ಇಷ್ಟನ್ನೂ ಕ್ಷಣಮಾತ್ರದಲ್ಲಿ ಲೆಕ್ಕ ಹಾಕಿ ‘ಮಸ್ಟ್’ಗೆ ಅರ್ಥ ಕೊಡುತ್ತಾರೆ.

ಇನ್ನೊಂದು ಸಂಗತಿಯೂ ಇದೆ. ಬಾಲದ ಕಾಲ ಬದಲಾಗುವ ಮೊದಲೇ ‘ಬಿ ಅಟ್ ಕೆಂಗೇರಿ’ ಎಂಬುದು ಎರಡೂ ಅರ್ಥಗಳಿಗೆ ಬಾಗಿಲು ತೆರೆದಿಟ್ಟಿತ್ತು. ಅದೇ ಜಾಗದಲ್ಲಿ ‘ಗೋ ಟು ಕೆಂಗೇರಿ’ ಇಟ್ಟು ನೋಡಿ. ‘ಫಾದರ್ ಮಸ್ಟ್ ಗೋ ಟು ಕೆಂಗೇರಿ’ ಎಂಬಲ್ಲಿ ಊಹೆಗೆ ಎಡೆಯೇ ಇಲ್ಲ, ಹೋಗಲೇಬೇಕು ಎಂಬುದೊಂದೇ ಅರ್ಥ. ‘ಟು’ ನಡಿಗೆಯನ್ನೂ ಗುರಿಯನ್ನೂ ಹೇಳುತ್ತದೆ, ‘ಅಟ್’ ಇರವನ್ನು ಹೇಳುತ್ತದೆ. ನಡೆಯಬೇಕಾದ ಕ್ರಿಯೆಯ ಜೊತೆ ಮೋಡಲ್, ಅಂದರೆ ‘ಮಸ್ಟ್’ನಂಥ ಸಹಾಯಕ ಕ್ರಿಯಾಪದ, ಬಂದರೆ ಕಟ್ಟಳೆ ಅಥವಾ ಅನುಮತಿ, ಇರುವ ಸ್ಥಿತಿಯ ಜೊತೆ ಬಂದರೆ ಹೆಚ್ಚಾಗಿ ಊಹೆ. ‘ಮೇ’ ಕೂಡ ಹೀಗೇ. ‘ಯು ಮೇ ಗೋ ಟು ದಿ ಲೈಬ್ರರಿ’ ಅಂದರೆ ಹೋಗಬಹುದು, ಅಪ್ಪಣೆಯಿದೆ. ‘ಶಿ ಮೇ ಬಿ ಇನ್ ದಿ ಲೈಬ್ರರಿ’ ಅಂದರೆ ಅಲ್ಲಿರಬಹುದು, ಖಾತ್ರಿಯಿಲ್ಲ. ನಮ್ಮ ‘ಬಹುದು’ ಈ ಎರಡಕ್ಕೂ ಒಗ್ಗುತ್ತದೆ.

ಅಲ್ಲಗಳೆಯುವಾಗಲೂ ಎರಡು ಭಾಷೆಗಳು ಜೊತೆಗೇ ಹೆಜ್ಜೆ ಹಾಕುತ್ತವೆ. ಕಟ್ಟಳೆಯ ‘ಇರಬೇಕು’ಗೆ ಎದುರು ‘ಇರಬಾರದು’, ಇಂಗ್ಲಿಷಿನಲ್ಲಿ ‘ಮಸ್ಟ್ ನಾಟ್ ಬಿ’. ಊಹೆಯ ‘ಇರಬೇಕು’ಗೆ ಎದುರು ‘ಇರಲಿಕ್ಕಿಲ್ಲ’. ಅಲ್ಲಿ ಇಂಗ್ಲಿಷಿನವರು ‘ಮಸ್ಟ್’ ಬಿಟ್ಟು ‘ಕಾಂಟ್’ ಹಿಡಿಯುತ್ತಾರೆ: ‘ಹಿ ಕಾಂಟ್ ಬಿ ಅಟ್ ಕೆಂಗೇರಿ ಬೈ ನೌ.’ ವೈಟ್‌ಫೀಲ್ಡಿನಲ್ಲಿ ಈಗಷ್ಟೇ ಮೆಟ್ರೋ ಹತ್ತಿದವರ ಬಗ್ಗೆ ಹೇಳಬೇಕಾದ ಮಾತು ಇದು. ಮಗಳಿಗೆ ಗೊಂದಲವಾದರೆ ಕನ್ನಡದಲ್ಲಿ ‘ಬಾರದು’ ಬರುತ್ತದೋ ‘ಲಿಕ್ಕಿಲ್ಲ’ ಬರುತ್ತದೋ ಎಂದು ಕೇಳಿ. ಉತ್ತರ ಅವಳ ನಾಲಗೆಯ ತುದಿಯಲ್ಲೇ ಇರುತ್ತದೆ.

ಇನ್ನು ಪದಗಳ ಸಾಲಿನ ವಿಷಯ. ನಮ್ಮ ಮಕ್ಕಳು ಎಡವುವುದು ಅರ್ಥದಲ್ಲಿ ಕಡಿಮೆ, ಸಾಲಿನಲ್ಲಿ ಹೆಚ್ಚು. ನಿಮ್ಮ ಊರಿನದೇ ಉದಾಹರಣೆ: ‘ಕೆಂಗೇರಿಯಿಂದ ಮೆಜೆಸ್ಟಿಕ್ಕಿಗೆ ಮೆಟ್ರೋದಲ್ಲಿ ಹೋಗಬಹುದು.’ 2021ರ ಆಗಸ್ಟ್ ಕೊನೆಯಲ್ಲಿ ನೇರಳೆ ಮಾರ್ಗ ಮೈಸೂರು ರಸ್ತೆ ನಿಲ್ದಾಣದಿಂದ ಕೆಂಗೇರಿಗೆ ಬಂದ ಮೇಲೆ ನಿಜವಾದ ವಾಕ್ಯ ಇದು. ಈಗ ಇದನ್ನು ಬಾಲದಿಂದ ತಲೆಯ ಕಡೆಗೆ, ಒಂದೊಂದೇ ತುಂಡು ಬಿಡಿಸುತ್ತಾ ಓದಿ: ಬಹುದು, ಹೋಗು, ಅಲ್ಲಿ, ಮೆಟ್ರೋ, ಗೆ, ಮೆಜೆಸ್ಟಿಕ್, ಇಂದ, ಕೆಂಗೇರಿ. ಪ್ರತಿ ತುಂಡಿನ ಪಕ್ಕ ಇಂಗ್ಲಿಷ್ ಇಡಿ: ಕ್ಯಾನ್, ಗೋ, ಬೈ, ಮೆಟ್ರೋ, ಟು, ಮೆಜೆಸ್ಟಿಕ್, ಫ್ರಮ್, ಕೆಂಗೇರಿ. ಮುಂದೆ ಒಂದು ‘ಯು’ ಸೇರಿಸಿದರೆ ಅಪ್ಪಟ ಇಂಗ್ಲಿಷ್ ವಾಕ್ಯ ಸಿದ್ಧ. ಕನ್ನಡದ ವಾಕ್ಯವನ್ನು ಕನ್ನಡಿಯಲ್ಲಿ ಹಿಡಿದ ಹಾಗಿದೆ. ನಮ್ಮ ವಿಭಕ್ತಿ ಪ್ರತ್ಯಯ ನಾಮಪದದ ಹಿಂದೆ ಅಂಟುತ್ತದೆ, ಅವರ ಪ್ರಿಪೊಸಿಷನ್ ಮುಂದೆ ನಿಲ್ಲುತ್ತದೆ. ನಮ್ಮ ‘ಬಹುದು’ ಕ್ರಿಯಾಪದದ ಹಿಂದೆ, ಅವರ ‘ಕ್ಯಾನ್’ ಮುಂದೆ.

ಇದು ಕಾಕತಾಳೀಯವಲ್ಲ. ಅಮೆರಿಕದ ಭಾಷಾವಿಜ್ಞಾನಿ ಜೋಸೆಫ್ ಗ್ರೀನ್‌ಬರ್ಗ್ 30 ಭಾಷೆಗಳನ್ನು ಹೋಲಿಸಿ 1963ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದಲ್ಲಿ ಈ ನಂಟನ್ನು ತೋರಿಸಿದರು. ಕರ್ತೃ, ಕರ್ಮ, ಕ್ರಿಯಾಪದ ಎಂಬ ಸಾಲಿನ ಭಾಷೆಗಳಲ್ಲಿ ಸಂಬಂಧ ಸೂಚಿಸುವ ಪದಗಳು ಬಹುಪಾಲು ನಾಮಪದದ ಹಿಂದೆಯೇ ಬರುತ್ತವೆ, ಸಹಾಯಕ ಕ್ರಿಯಾಪದವೂ ಮುಖ್ಯ ಕ್ರಿಯಾಪದದ ಹಿಂದೆಯೇ ಬರುತ್ತದೆ. ಆ 30ರಲ್ಲಿ ಕನ್ನಡವೂ ಒಂದು. ಹಾಗಾಗಿ ‘ಯು ಕ್ಯಾನ್ ಬೈ ಮೆಟ್ರೋ ಗೋ’ ಎಂದು ಬರೆಯುವ ಮಗು ದಡ್ಡತನದಿಂದ ಬರೆದದ್ದಲ್ಲ. ಮೋಡಲನ್ನೂ ಪ್ರಿಪೊಸಿಷನ್ನನ್ನೂ ಇಂಗ್ಲಿಷಿನ ಜಾಗಕ್ಕೆ ಸರಿಸಿ, ಮುಖ್ಯ ಕ್ರಿಯಾಪದವನ್ನು ಕನ್ನಡದ ಜಾಗದಲ್ಲೇ ಬಿಟ್ಟಿದೆ. ಅರ್ಧ ದಾರಿ ಬಂದಿದೆ ಅನ್ನಿ.

ಹಾಗಾದರೆ ಮೋಡಲ್ ಮತ್ತು ಕ್ರಿಯಾಪದದ ನಡುವೆ ಪ್ರಿಪೊಸಿಷನ್ ಫ್ರೇಸ್ ಬರುವುದೇ ಇಲ್ಲವೇ? ಆಡುಮಾತಿನಲ್ಲಿ ಅಪರೂಪ, ಕಾನೂನಿನಲ್ಲಿ ಧಾರಾಳ. 2005ರ ಮಾಹಿತಿ ಹಕ್ಕು ಕಾಯ್ದೆಯ 7(1)ನೇ ಕಲಮನ್ನು ಇಂಗ್ಲಿಷಿನಲ್ಲಿ ತೆಗೆದು ನೋಡಿ. ಅಧಿಕಾರಿ ಮಾಹಿತಿ ಕೊಡತಕ್ಕದ್ದು ಎಂಬುದಕ್ಕೆ ‘ಶಲ್’ ಇದೆ, ‘ಪ್ರೊವೈಡ್’ ಇದೆ, ಎರಡರ ನಡುವೆ ‘ಅರ್ಜಿ ತಲುಪಿದ 30 ದಿನಗಳೊಳಗೆ’ ಎಂಬ ಭಾಗ ಅಲ್ಪವಿರಾಮಗಳ ಕಾವಲಿನಲ್ಲಿ ಕೂತಿದೆ. ಗಡುವು ಯಾವ ಕ್ರಿಯೆಗೆ ಸೇರಿದ್ದು ಎಂಬಲ್ಲಿ ವಕೀಲರಿಗೆ ತಕರಾರು ಎತ್ತಲು ಸಂದಿ ಸಿಗಬಾರದೆಂದು ಅದನ್ನು ‘ಶಲ್’ಗೇ ತಗುಲಿಸಿ ಇಡುತ್ತಾರೆ. ಎಂಟನೇ ತರಗತಿಯ ಪ್ರಬಂಧದಲ್ಲಿ ಈ ಶೈಲಿ ಬೇಡ.

ಕನ್ನಡಿಯ ಲೆಕ್ಕ ಕೈಕೊಡುವ ಜಾಗವೂ ಒಂದಿದೆ, ಬೆಂಗಳೂರಿನ ಇಂಗ್ಲಿಷ್ ಹುಟ್ಟುವುದು ಅಲ್ಲೇ. ‘ಆಗುತ್ತೆ, ಆಗಲ್ಲ’ ಎನ್ನುವಾಗ ನಾವು ಶಕ್ತಿಯನ್ನು ಕ್ರಿಯಾಪದದಲ್ಲಷ್ಟೇ ಇಡುವುದಿಲ್ಲ, ವಿಭಕ್ತಿಯಲ್ಲೂ ಇಡುತ್ತೇವೆ. ‘ನನ್ನಿಂದ ಆಗಲ್ಲ’, ‘ನನ್ನ ಕೈಲಿ ಆಗಲ್ಲ’, ‘ನನಗೆ ಬರಕ್ಕಾಗಲ್ಲ’. ಇಂಗ್ಲಿಷಿನಲ್ಲಿ ಈ ‘ಇಂದ’, ‘ಅಲ್ಲಿ’, ‘ಗೆ’ ಮೂರೂ ಮಾಯವಾಗಿ ‘ಐ ಕಾಂಟ್’ ಒಂದೇ ಉಳಿಯಬೇಕು. ನಾವೋ ‘ಇಂದ’ವನ್ನು ಬಿಡಲಾರದೆ ‘ನಾಟ್ ಪಾಸಿಬಲ್ ಫ್ರಮ್ ಮೈ ಸೈಡ್’ ಅನ್ನುತ್ತೇವೆ. ಆಫೀಸುಗಳಲ್ಲಿ ಎಲ್ಲರಿಗೂ ಅರ್ಥವಾಗುವ ಮಾತು, ನನಗೇನೂ ಅದರ ಮೇಲೆ ಮುನಿಸಿಲ್ಲ. ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ.

‘ಬೇಕು’ ಬರುವಲ್ಲೂ ‘ಗೆ’ ಕಾಟ ಕೊಡುತ್ತದೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ಒಂದು ಪುಸ್ತಕದ ಹೆಸರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’. ಇಲ್ಲಿ ‘ಬೇಕು’ ಪೂರ್ಣ ಕ್ರಿಯೆ, ಯಾರಿಗೆ ಎಂಬುದಕ್ಕೆ ‘ಕ್ಕೆ’ ಇದೆ. ಇಂಗ್ಲಿಷಿಗೆ ಹೋದಾಗ ‘ಕ್ಕೆ’ ಉದುರಿ ‘ಕನ್ನಡ ನೀಡ್ಸ್’ ಆಗುತ್ತದೆ. ‘ಹೋಗಬೇಕು’ ಎನ್ನುವಾಗ ‘ಬೇಕು’ ಕ್ರಿಯೆಗೆ ಅಂಟಿದ ಮೋಡಲ್. ಇಂಗ್ಲಿಷಿನಲ್ಲಿ ‘ವಾಂಟ್’, ‘ನೀಡ್’, ‘ಹ್ಯಾವ್’ಗಳ ನಂತರ ‘ಟು’ ಬರುತ್ತದೆ, ‘ಮಸ್ಟ್’, ‘ಕ್ಯಾನ್’, ‘ಮೇ’, ‘ಶುಡ್’ಗಳ ನಂತರ ಬರುವುದಿಲ್ಲ. ನಮಗೆ ಬಹಳಷ್ಟು ಕಡೆ ‘ಬೇಕು’ ಒಂದೇ ಆದ್ದರಿಂದ ‘ಮಸ್ಟ್ ಟು ಗೋ’ ಎಂಬ ತಪ್ಪು ಹುಟ್ಟುತ್ತದೆ. ಆ ‘ಟು’ ಪ್ರಿಪೊಸಿಷನ್ನೂ ಅಲ್ಲ. ‘ಟು ಕೆಂಗೇರಿ’ಯ ‘ಟು’ ಬೇರೆ, ‘ಟು ಗೋ’ದ ‘ಟು’ ಬೇರೆ.

ಪ್ರಾಸಂಗಿಕವಾಗಿ ಒಂದು ಮಾತು. ಇಂಗ್ಲಿಷಿನ ‘ಕ್ಯಾನ್’ ಹಿಂದೆ ‘ತಿಳಿದಿರು’ ಎಂಬ ಅರ್ಥದ ಕ್ರಿಯಾಪದವಾಗಿತ್ತು. ನಮ್ಮ ‘ಬಲ್ಲ’ ಇವತ್ತಿಗೂ ಎರಡೂ ಅರ್ಥ ಹೊತ್ತುಕೊಂಡಿದೆ. ‘ಅವನು ವಿಷಯ ಬಲ್ಲ’ ಅಂದರೆ ತಿಳಿದಿದೆ, ‘ಅವನು ಈಜಬಲ್ಲ’ ಅಂದರೆ ಸಾಮರ್ಥ್ಯವಿದೆ. ‘ಬಹುದು’, ‘ಬಾರದು’ಗಳ ಮೂಲ ‘ಬರು’ ಎಂಬ ಕ್ರಿಯೆ. ಮೋಡಲ್‌ಗಳೆಲ್ಲ ಒಂದು ಕಾಲದಲ್ಲಿ ಸ್ವಂತ ಮನೆಯಿದ್ದ ಕ್ರಿಯಾಪದಗಳು, ಆಮೇಲೆ ಇನ್ನೊಂದು ಕ್ರಿಯೆಯ ಆಸರೆಗೆ ಬಂದವು.

ಮನೆಯಲ್ಲಿ ಹೇಳಿಕೊಡುವ ಬಗೆ ಕೇಳಿದ್ದೀರಿ. ವ್ಯಾಕರಣದ ಪಟ್ಟಿ ಬಾಯಿಪಾಠ ಮಾಡಿಸಬೇಡಿ. ದಿನಕ್ಕೆ ಒಂದು ಕನ್ನಡ ವಾಕ್ಯ ಕೊಟ್ಟು ಬಾಲದಿಂದ ಬಿಚ್ಚಲು ಹೇಳಿ, ಆಮೇಲೆ ಕೊನೆಯ ಕಾಲಸೂಚಕ ಬದಲಿಸಿ ಅರ್ಥ ಕೇಳಿ. ‘ಬೈ’ಗೂ ‘ಟಿಲ್’ಗೂ ಇರುವ ವ್ಯತ್ಯಾಸ ಇದರಲ್ಲೇ ಹಿಡಿತಕ್ಕೆ ಬರುತ್ತದೆ: ‘ಐದರೊಳಗೆ ಬರಬೇಕು’ ಅಂದರೆ ‘ಬೈ ಫೈವ್’, ‘ಐದರವರೆಗೆ ಇರಬೇಕು’ ಅಂದರೆ ‘ಟಿಲ್ ಫೈವ್’. ನಿಮ್ಮ ಪರಿಚಯದ ಶಾಲಾ ಶಿಕ್ಷಕರಿಗೂ ಇದರಲ್ಲಿ ಆಸಕ್ತಿಯಿದ್ದರೆ, ದಕ್ಷಿಣದ ರಾಜ್ಯಗಳ ಇಂಗ್ಲಿಷ್ ಶಿಕ್ಷಕರಿಗೆ ತರಬೇತಿ ಕೊಡುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ನಿಮಗೆ ಹತ್ತಿರವೇ, ಜ್ಞಾನಭಾರತಿ ಆವರಣದಲ್ಲಿದೆ. 1963ರಲ್ಲಿ ಶುರುವಾದ ಸಂಸ್ಥೆ ಅದು.