ಕಾಡಿನ ನೆತ್ತಿಯ ಮೇಲೊಂದು ಹಗ್ಗದ ಹಾದಿ

ಅಂಗಳದಲ್ಲಿ ಬಟ್ಟೆ ಒಣಗಿಸಲು ಕಟ್ಟಿದ ಹಗ್ಗವನ್ನು ನಾವೆಲ್ಲರೂ ನೋಡಿದ್ದೇವೆ. ಒದ್ದೆ ಪಂಚೆಯೊಂದನ್ನು ಅದರ ನಡುವೆ ಹರವಿದೊಡನೆ ಹಗ್ಗ ಜೋಲುತ್ತದೆ. ಜೋಲಬಾರದೆಂದು ಎಳೆದೆಳೆದು ಬಿಗಿದರೋ, ಗೂಟ ಕಿತ್ತುಬರುತ್ತದೆ, ಇಲ್ಲವೆ ಹಗ್ಗ ಹರಿಯುತ್ತದೆ, ನೇರವಂತೂ ಆಗುವುದಿಲ್ಲ. ಈ ಹಗ್ಗವು ಉಕ್ಕಿನದಾಗಿ, ಪಂಚೆಯ ಸ್ಥಾನದಲ್ಲಿ ಮನುಷ್ಯನೊಬ್ಬನು ನೇತಾಡುತ್ತಿದ್ದರೆ ಲೆಕ್ಕ ತಪ್ಪುವಂತಿಲ್ಲ. ಮಧ್ಯ ಅಮೆರಿಕದ ಕೋಸ್ಟರೀಕಾ ದೇಶದ ಕಾಡುಗಳಲ್ಲಿ ಪ್ರವಾಸಿಗರು ಹೀಗೆ ರಾಟೆಯೊಂದಕ್ಕೆ ನೇತುಬಿದ್ದು ಮರದಿಂದ ಮರಕ್ಕೆ ಜಾರುತ್ತಾರೆ.

ಈ ಹಾದಿಯನ್ನು ಮೊದಲು ಹಿಡಿದವರು ವಿನೋದಾರ್ಥಿಗಳಲ್ಲ, ಜೀವವಿಜ್ಞಾನಿಗಳು. ಮಳೆಕಾಡಿನಲ್ಲಿ ಹೂವು, ಹಣ್ಣು, ಕೀಟ, ಪಕ್ಷಿಗಳ ಸಂಸಾರವು ಬಹುಪಾಲು ನಡೆಯುವುದು ನೆಲದಿಂದ ಮೂವತ್ತು ಮೀಟರಿಗೂ ಮೇಲಿನ ಎಲೆಯ ಮಾಳಿಗೆಯಲ್ಲಿ. ಕೆಳಗೆ ನಿಂತವನಿಗೆ ಕಾಣುವುದು ಅದರ ತಳ ಮಾತ್ರ. 1970ರ ದಶಕದಲ್ಲಿ ಡೊನಾಲ್ಡ್ ಪೆರಿ ಎಂಬ ಅಮೆರಿಕದ ವಿಜ್ಞಾನಿಯು ಲಾ ಸೆಲ್ವ ಎಂಬಲ್ಲಿ ದಾರ ಕಟ್ಟಿದ ಬಾಣವನ್ನು ಅಡ್ಡಬಿಲ್ಲಿನಿಂದ ಕೊಂಬೆಯಾಚೆಗೆ ಹಾಯಿಸಿ, ಆ ದಾರದಿಂದ ಹಗ್ಗವನ್ನೆಳೆದು ಮೇಲೇರಿದರು. ಬಳಿಕ ಮರಗಳ ನಡುವೆ ಹಗ್ಗದ ಬಲೆಯನ್ನೇ ಹೂಡಿದರು. 1990ರ ದಶಕದಲ್ಲಿ ಮೋಂಟೆವರ್ಡೆಯ ಮೋಡಗಾಡಿನಲ್ಲಿ ಇಂಥ ವಿದ್ಯೆಯೇ ಪ್ರವಾಸಿಗರ ವಿಹಾರವಾಯಿತು.

ಈಗ ಲೆಕ್ಕಕ್ಕೆ ಬರೋಣ. ಎರಡು ಮರಗಳ ನಡುವಣ ಅಂತರ 200 ಮೀಟರು. ಜಾರುವವನ ತೂಕ 80 ಕಿಲೋಗ್ರಾಂ. ಅವನು ನಟ್ಟನಡುವೆ ಇರುವಾಗ ಹಗ್ಗ 10 ಮೀಟರು ಜೋಲಿದೆಯೆನ್ನೋಣ. ಹಗ್ಗದ ಸ್ವಂತ ಭಾರವನ್ನು ಸದ್ಯಕ್ಕೆ ಬಿಟ್ಟುಬಿಡೋಣ. ಹಗ್ಗದ ಎರಡು ಅರೆಗಳೂ ಓರೆಯಾಗಿ ಎಳೆಯುತ್ತವೆ. ಅವುಗಳ ಎಳೆತದಲ್ಲಿ ಮೇಲ್ಮುಖವಾದ ಅಂಶಗಳೆರಡೂ ಕೂಡಿ 80 ಕಿಲೋಗ್ರಾಂ ಆಗಬೇಕು. ಪ್ರತಿ 100 ಮೀಟರಿಗೆ 10 ಮೀಟರು ಇಳಿಜಾರಿರುವುದರಿಂದ ಎಳೆತದ ಹತ್ತನೆಯ ಒಂದು ಪಾಲು ಮಾತ್ರ ಮೇಲ್ಮುಖ. ಒಂದೊಂದು ಅರೆಯೂ 40 ಕಿಲೋಗ್ರಾಂ ಹೊರಲು 400 ಕಿಲೋಗ್ರಾಂ ತೂಕದಷ್ಟು ಸೆಳೆತ ಬೇಕಾಯಿತು. ಜೋಲು 2 ಮೀಟರಿಗೆ ಇಳಿದರೆ ಸೆಳೆತ 2,000. ಒಂದೇ ಮೀಟರಾದರೆ 4,000! ಹಗ್ಗ ಪೂರ್ತಿ ನೇರವಾಗಬೇಕಾದರೆ ಸೆಳೆತ ಅನಂತವಾಗಬೇಕು. ಬಿಗಿಯಾದುದೇ ಭದ್ರವೆಂದು ನಂಬುವ ನಮ್ಮ ಕಣ್ಣು ಇಲ್ಲಿ ನಮ್ಮನ್ನು ಮೋಸಗೊಳಿಸುತ್ತದೆ.

ಜೋಲಿನಿಂದ ಇನ್ನೊಂದು ಉಪಕಾರವುಂಟು. ಹತ್ತು ಮೀಟರು ಕೆಳಗಿಳಿದವನ ವೇಗ, ಗಾಳಿಯ ತಡೆಯನ್ನೂ ರಾಟೆಯ ಘರ್ಷಣೆಯನ್ನೂ ಗಣಿಸದಿದ್ದರೆ, ಸೆಕೆಂಡಿಗೆ 14 ಮೀಟರು, ಎಂದರೆ ಗಂಟೆಗೆ 50 ಕಿಲೋಮೀಟರು. ಆದರೆ ನಡುವನ್ನು ದಾಟಿದ ಮೇಲೆ ಹಗ್ಗ ಏರುಮುಖವಾಗುತ್ತದೆ. ಚಲನಶಕ್ತಿ ಮತ್ತೆ ಸ್ಥಿತಿಶಕ್ತಿಯಾಗಿ ವೇಗ ತಾನಾಗಿ ಕುಗ್ಗುತ್ತದೆ. ಉಳಿದ ವೇಗವನ್ನು ತಡೆಗಟ್ಟು ತೆಗೆದುಹಾಕಬೇಕು. ಸೆಕೆಂಡಿಗೆ 10 ಮೀಟರು ವೇಗದಲ್ಲಿ ಬರುವವನನ್ನು 10 ಮೀಟರು ದೂರದಲ್ಲಿ ನಿಲ್ಲಿಸಿದರೆ ಅವನ ಮೇಲೆ ಬೀಳುವ ಬಲ ಅವನ ತೂಕದ ಅರ್ಧದಷ್ಟು. ಒಂದು ಮೀಟರಿನಲ್ಲಿ ನಿಲ್ಲಿಸಿದರೆ ತೂಕದ ಐದರಷ್ಟು.

ಎಲ್ಲ ವಸ್ತುಗಳೂ ಒಂದೇ ವೇಗೋತ್ಕರ್ಷದಿಂದ ಬೀಳುತ್ತವೆಂದು ಓದಿದ ವಿದ್ಯಾರ್ಥಿಗೆ ಇಲ್ಲೊಂದು ಸೋಜಿಗ ಕಾದಿದೆ: ದಢೂತಿಯಾದವರು ಬೇಗ ಜಾರುತ್ತಾರೆ, ಹಗುರಾದ ಹುಡುಗರು ನಡುದಾರಿಯಲ್ಲೇ ನಿಂತುಬಿಡುವುದುಂಟು! ಗೆಲಿಲಿಯೊ ತಪ್ಪಲಿಲ್ಲ. ತೂಕ ಹೆಚ್ಚಿದಷ್ಟು ಮೈಯ ಹರವು ಹೆಚ್ಚುವುದಿಲ್ಲವಾದ್ದರಿಂದ ಗಾಳಿಯ ತಡೆ ಹಗುರಾದವರನ್ನೇ ಹೆಚ್ಚಾಗಿ ಕಾಡುತ್ತದೆ. ಹೀಗೆ ನಿಂತವರನ್ನು ಮಾರ್ಗದರ್ಶಕನು ಹಗ್ಗದ ಮೇಲೆ ಹೋಗಿ ಎಳೆತರಬೇಕು.

ಇನ್ನು ಮರದ ಪಾಡು. ನಾವು ಲೆಕ್ಕ ಹಾಕಿದ 400 ಕಿಲೋಗ್ರಾಂ ಸೆಳೆತವು 20 ಮೀಟರು ಎತ್ತರದಲ್ಲಿ ಕಾಂಡವನ್ನು ಪಕ್ಕಕ್ಕೆ ಎಳೆಯುತ್ತಿದ್ದರೆ, ಬುಡದಲ್ಲಿ ಅದು ಬಹು ದೊಡ್ಡ ತಿರುಚುಬಲವಾಗುತ್ತದೆ. ಮಳೆಕಾಡಿನ ಎಷ್ಟೋ ಮರಗಳ ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಆದಕಾರಣ ಹಿಂಬದಿಯಿಂದ ಆಧಾರದ ತಂತಿಗಳನ್ನು ಬಿಗಿದು ಈ ಎಳೆತವನ್ನು ಸರಿದೂಗಿಸುತ್ತಾರೆ. ಉಕ್ಕನ್ನು ಬರಿಯ ತೊಗಟೆಗೆ ಸುತ್ತುವುದು ತರವಲ್ಲ; ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಉರುಳು ಬಿದ್ದ ಮರವು ಹೊರಗೆ ಹಸುರಾಗಿದ್ದೇ ಬೇರಿನಲ್ಲಿ ಉಪವಾಸ ಬೀಳುತ್ತದೆ. ನಡುವೆ ಮರದ ತುಂಡುಗಳನ್ನಿಟ್ಟು ಕಟ್ಟಿದರೆ ಒತ್ತಡ ಕೆಲವೇ ಕಡೆ ಬಿದ್ದು ಉಳಿದ ತೊಗಟೆ ಬಿಡುವಾಗಿರುತ್ತದೆ. ಆದರೂ ಕಾಂಡ ವರ್ಷವರ್ಷ ದಪ್ಪವಾಗುತ್ತಲೇ ಇರುವುದರಿಂದ, ಕಟ್ಟನ್ನು ಆಗಾಗ ಬಿಚ್ಚಿ, ಸಡಿಲಿಸಿ, ಮತ್ತೆ ಕಟ್ಟಬೇಕಾಗುತ್ತದೆ.