ಜ್ವರ ಬಂದು ಎಷ್ಟನೇ ದಿನ?

ಮಳೆ ಹಿಡಿಯಿತೆಂದರೆ ನಮ್ಮ ಕ್ಲಾಸ್ ಗ್ರೂಪುಗಳಲ್ಲಿ ಇಂಟರ್ನಲ್ಸ್ ಟೈಮ್ ಟೇಬಲ್ ಜೊತೆಗೆ ಇನ್ನೊಂದು ಬಗೆಯ ಮೆಸೇಜೂ ಸುತ್ತಲು ಶುರುವಾಗುತ್ತದೆ. ಡೆಂಗ್ಯೂಗೆ ಪಪ್ಪಾಯಿ ಎಲೆ ರಸ, ಒಂದೇ ದಿನದಲ್ಲಿ ಪ್ಲೇಟ್‌ಲೆಟ್ ಏರಿಕೆ, ಎಲ್ಲರಿಗೂ ಕಳಿಸಿ. ಇಂಥದ್ದನ್ನು ನಂಬಬೇಡಿ ಎಂದು ಹೇಳುವ ಲೇಖನಗಳು ಬೇಕಾದಷ್ಟು ಉಂಟು. ನಾವು ಇಲ್ಲಿ ಹೇಳಹೊರಟದ್ದು ಸ್ವಲ್ಪ ಬೇರೆ. ಫೋನಿನಲ್ಲಿ ಸಿಗುವ ಆರೋಗ್ಯದ ಮಾಹಿತಿಯಲ್ಲಿ ಸುಳ್ಳು ಒಂದು ಸಮಸ್ಯೆ, ಸರಿ. ಆದರೆ ನಿಜವೇ ಆಗಿದ್ದು, ನಮ್ಮ ಊರಿಗೂ ನಮ್ಮ ಜ್ವರದ ಈ ದಿನಕ್ಕೂ ಹೊಂದದ ಮಾಹಿತಿ ಅದಕ್ಕಿಂತ ದೊಡ್ಡ ಸಮಸ್ಯೆ. ಯಾಕೆಂದರೆ ಅದರ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಮೊದಲು ಊರಿನ ವಿಷಯ. ಇಂಗ್ಲಿಷಿನಲ್ಲಿ ಜ್ವರ, ಮೈಕೈ ನೋವು ಎಂದು ಹುಡುಕಿದರೆ ಅಮೆರಿಕದ್ದೋ ಇಂಗ್ಲೆಂಡಿನದ್ದೋ ಆಸ್ಪತ್ರೆಯ ಪುಟ ಮೇಲೆ ಬರುತ್ತದೆ. ಪ್ಯಾರಾಸಿಟಮಾಲ್ ಅಥವಾ ಐಬುಪ್ರೊಫೆನ್ ತಗೊಳ್ಳಿ, ಮಲಗಿ ಅಂತ ಅದರಲ್ಲಿ ಇರುತ್ತದೆ. ಅಲ್ಲಿನ ಫ್ಲೂಗೆ ಅದು ಸರಿಯಾದ ಸಲಹೆಯೇ. ಬಂಟ್ವಾಳದ ಜುಲೈ ತಿಂಗಳಿಗೆ ಸರಿಯಲ್ಲ. ಡೆಂಗ್ಯೂ ಇರಬಹುದಾದ ಜ್ವರಕ್ಕೆ ಐಬುಪ್ರೊಫೆನ್, ಆಸ್ಪಿರಿನ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳುತ್ತದೆ. ಅವು ರಕ್ತಸ್ರಾವದ ಅಪಾಯವನ್ನು ಹೆಚ್ಚಿಸುತ್ತವೆ. ಹಾಸ್ಟೆಲಿನಲ್ಲಿ ತಲೆನೋವಿಗೂ ಹಲ್ಲುನೋವಿಗೂ ಕೈಯಿಂದ ಕೈಗೆ ಹೋಗುವ ಕಾಂಬಿಫ್ಲಾಮ್ ಮಾತ್ರೆಯ ಹಿಂದೆ ಒಮ್ಮೆ ಓದಿ ನೋಡಿ: ಐಬುಪ್ರೊಫೆನ್ 400 ಮಿಲಿಗ್ರಾಂ, ಪ್ಯಾರಾಸಿಟಮಾಲ್ 325 ಮಿಲಿಗ್ರಾಂ. ಡೋಲೋ 650 ಅಂದರೆ ಬರೀ ಪ್ಯಾರಾಸಿಟಮಾಲ್. ರೂಮ್‌ಮೇಟ್ ಕೊಟ್ಟದ್ದು ಇವೆರಡರಲ್ಲಿ ಯಾವುದು ಎಂಬುದು ಮಳೆಗಾಲದಲ್ಲಿ ಸಣ್ಣ ಪ್ರಶ್ನೆಯಲ್ಲ. ಶೀತದ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಸೇರಿರುತ್ತದೆ. ಎಲ್ಲ ಸೇರಿ ದಿನಕ್ಕೆ 4 ಗ್ರಾಂ ದಾಟಿದರೆ ಲಿವರ್‌ಗೆ ಪೆಟ್ಟು.

ನಮ್ಮ ಮೂರು ತಾಲೂಕುಗಳ ಪರಿಸರವೂ ಹಾಗೇ. ಅಡಿಕೆ ತೋಟದಲ್ಲಿ ಬಿದ್ದ ಹಾಳೆಯಲ್ಲಿ ಒಂದು ಹಿಡಿ ನೀರು ನಿಂತರೂ ಸಾಕು, ಈಡಿಸ್ ಸೊಳ್ಳೆ ಮೊಟ್ಟೆ ಇಡುತ್ತದೆ. ಟ್ಯಾಪಿಂಗ್ ನಿಲ್ಲಿಸಿದ ರಬ್ಬರ್ ಮರದ ಗೆರಟೆ, ಹಳೇ ಟಯರು, ಸಿಂಟೆಕ್ಸ್ ಟ್ಯಾಂಕಿನ ಮುಚ್ಚಳ ಎಲ್ಲವೂ ಅದಕ್ಕೆ ಮನೆಯೇ. ಮೊಟ್ಟೆ ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ಬಿದ್ದ ಮೇಲೆ ವಾರ ಹತ್ತು ದಿನದಲ್ಲಿ ಸೊಳ್ಳೆಯಾಗಿ ಹಾರುತ್ತದೆ. ಕಚ್ಚುವುದು ಹಗಲು ಹೊತ್ತು, ಅಂದರೆ ರಾತ್ರಿ ಸೊಳ್ಳೆಪರದೆ ಕಟ್ಟಿ ಮಲಗಿದರೆ ಮುಗಿಯಿತು ಅಂತಿಲ್ಲ. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು.

ಆದರೆ ಮಳೆಗಾಲದ ಜ್ವರವೆಲ್ಲ ಡೆಂಗ್ಯೂ ಅಲ್ಲ. ಆಟಿ ತಿಂಗಳಲ್ಲಿ ಕೆಸರ್‌ಡೊಂಜಿ ದಿನಕ್ಕೆಂದು ಗದ್ದೆಗಿಳಿದು ಹೊರಳಾಡಿದವರಿಗೆ, ತೋಡಿನ ನೀರಿನಲ್ಲಿ ನಡೆದವರಿಗೆ, ಕಾಲಿನಲ್ಲಿ ಗಾಯವಿದ್ದರೆ, ಇಲಿ ಜ್ವರ ಬರಬಹುದು. ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಬ್ಯಾಕ್ಟೀರಿಯಾ ಅದು. ಶುರುವಿನಲ್ಲಿ ಡೆಂಗ್ಯೂ ಥರವೇ ಕಾಣುತ್ತದೆ: ಜೋರು ಜ್ವರ, ತಲೆನೋವು, ಮೈ ಜಜ್ಜಿದ ಹಾಗೆ ನೋವು. ಮೀನಖಂಡದ ನೋವು, ಕೆಂಪಾದ ಕಣ್ಣು ಸುಳಿವು ಕೊಡಬಹುದು. ವ್ಯತ್ಯಾಸ ಎಂತ ಗೊತ್ತುಂಟಾ? ಇಲಿ ಜ್ವರಕ್ಕೆ ಆಂಟಿಬಯೋಟಿಕ್ ಉಂಟು, ಬೇಗ ಕೊಟ್ಟರೆ ಕೆಲಸ ಮಾಡುತ್ತದೆ. ಡೆಂಗ್ಯೂ ವೈರಸ್‌ಗೆ ಅಂಥ ಮದ್ದಿಲ್ಲ. ಡೆಂಗ್ಯೂ ಎಂದು ತಾವೇ ತೀರ್ಮಾನಿಸಿ ರೂಮಿನಲ್ಲಿ ಮಲಗಿದವರು ಗುಣವಾಗಬಹುದಾದ ರೋಗವೊಂದರ ಬೆಲೆಬಾಳುವ ದಿನಗಳನ್ನು ಕಳೆದುಕೊಳ್ಳುತ್ತಾರೆ. ಬೇಸಿಗೆಯಲ್ಲಿ ಕಾಡಂಚಿನ ಮನೆಯವರಿಗೆ ಇನ್ನೂ ಒಂದು ಸಾಧ್ಯತೆ: ಮಂಗನ ಕಾಯಿಲೆ. ಶಿವಮೊಗ್ಗದ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ, ಉಣುಗಿನಿಂದ ಹರಡುವ ಈ ಜ್ವರ 1980ರ ದಶಕದ ಆರಂಭದಲ್ಲಿ ನಮ್ಮದೇ ಬೆಳ್ತಂಗಡಿ ತಾಲೂಕಿನಲ್ಲಿ ದೊಡ್ಡದಾಗಿ ಕಾಣಿಸಿಕೊಂಡಿತ್ತು. ನೀವು ಎರಡು ವಾರದ ಹಿಂದೆ ಗದ್ದೆಗೆ ಇಳಿದದ್ದು, ಕಾಡಿಗೆ ಟ್ರೆಕ್ಕಿಂಗ್ ಹೋದದ್ದು ಗೂಗಲ್‌ಗೆ ಗೊತ್ತಿರುವುದಿಲ್ಲ. ಡಾಕ್ಟರಿಗೂ ಗೊತ್ತಿರುವುದಿಲ್ಲ, ಆದರೆ ಅವರು ಕೇಳುತ್ತಾರೆ. ಕೇಳದಿದ್ದರೆ ನೀವೇ ಹೇಳಿ.

ಈಗ ದಿನದ ವಿಷಯ, ನಮ್ಮ ಮಟ್ಟಿಗೆ ಇದೇ ಮುಖ್ಯ. ಡೆಂಗ್ಯೂ ಜ್ವರ ಸಾಮಾನ್ಯವಾಗಿ ಎರಡರಿಂದ ಏಳು ದಿನ ಇರುತ್ತದೆ. ಜ್ವರ ಇಳಿದ ಕೂಡಲೇ ಎಲ್ಲರೂ ಮಾಡುವುದು ಒಂದೇ, ಅಮ್ಮನಿಗೆ ಫೋನ್ ಮಾಡಿ "ಜ್ವರ ಬಿಟ್ಟಿತು, ನಾಳೆಯಿಂದ ಕ್ಲಾಸಿಗೆ ಹೋಗ್ತೇನೆ" ಎನ್ನುವುದು. ಆದರೆ ಕೆಲವರಲ್ಲಿ ನಿಜವಾದ ಅಪಾಯ ಶುರುವಾಗುವುದೇ ಆಗ, ಮೂರರಿಂದ ಏಳನೇ ದಿನದೊಳಗೆ ಜ್ವರ ಇಳಿಯುವ ಹೊತ್ತಿಗೆ. ರಕ್ತನಾಳಗಳ ಗೋಡೆ ಸೋರಿ ಪ್ಲಾಸ್ಮಾ ಹೊರಗೆ ಹೋಗುತ್ತದೆ, ಬಿಪಿ ಕುಸಿಯುತ್ತದೆ. ಈ ಘಟ್ಟ 24ರಿಂದ 48 ಗಂಟೆ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಒಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ವೇಗದ ಉಸಿರು, ಕೈಕಾಲು ತಣ್ಣಗಾಗುವುದು, ಎದ್ದು ನಿಲ್ಲಲಾಗದ ಸುಸ್ತು, ತಳಮಳ, ಆರು ಗಂಟೆಯಾದರೂ ಮೂತ್ರ ಬಾರದಿರುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯುವ ಪ್ರಶ್ನೆಯೇ ಇಲ್ಲ. ರಾತ್ರಿಯಾದರೆ 108.

ಹಾಗಾಗಿ ಜ್ವರ ಶುರುವಾದ ತಾರೀಕು, ಗಂಟೆ ಬರೆದಿಡಿ. ಟೆಸ್ಟಿನ ಅರ್ಥವೂ ಅದರ ಮೇಲೇ ನಿಂತಿದೆ. ಎನ್‌ಎಸ್1 ಪರೀಕ್ಷೆ ಚೆನ್ನಾಗಿ ಹಿಡಿಯುವುದು ಮೊದಲ ಐದು ದಿನದಲ್ಲಿ, ಐಜಿಎಂ ಆಮೇಲೆ. ಎರಡನೇ ದಿನ ಐಜಿಎಂ ಮಾಡಿಸಿ ನೆಗೆಟಿವ್ ಬಂತು ಅಂತ ನಿಶ್ಚಿಂತೆಯಾಗಿ ಇರುವುದು, ಸರ್ಕ್ಯೂಟ್‌ಗೆ ಪವರ್ ಕೊಡುವ ಮೊದಲೇ ವೋಲ್ಟೇಜ್ ಅಳೆದ ಹಾಗೆ.

ಇನ್ನು ಪ್ಲೇಟ್‌ಲೆಟ್ ಪುರಾಣ. ಸಿಬಿಸಿ ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಆ ಒಂದೇ ಸಾಲಿಗೆ. ಸ್ಕ್ರೀನ್‌ಶಾಟ್ ಗ್ರೂಪಿಗೆ, "ಎಂಬತ್ತು ಸಾವಿರ ಮಾರಾಯ್ರೆ!" ಎಂಬ ಗಾಬರಿ, ಡೋನರ್ ಹುಡುಕಾಟ. ಅದೇ ಕಾಗದದಲ್ಲಿ ಪಿಸಿವಿ ಅಥವಾ ಹೆಮಟೋಕ್ರಿಟ್ ಅಂತ ಇನ್ನೊಂದು ಸಾಲು ಇರುತ್ತದೆ, ಅದನ್ನು ಕೇಳುವವರಿಲ್ಲ. ಪ್ಲಾಸ್ಮಾ ಸೋರಿದರೆ ರಕ್ತ ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ಮೊದಲಿದ್ದದ್ದಕ್ಕಿಂತ ಶೇ. 20 ಏರಿದರೆ ಅದು ಸೋರಿಕೆಯ ಗಟ್ಟಿ ಸೂಚನೆ. ಡಾಕ್ಟರು ದಿನಾ ರಕ್ತ ತೆಗೆಸುವುದು ಪ್ಲೇಟ್‌ಲೆಟ್‌ಗೆ ಮಾತ್ರ ಅಲ್ಲ, ಈ ಎರಡು ಗ್ರಾಫ್‌ಗಳು ಒಟ್ಟಿಗೆ ಎತ್ತ ಹೋಗುತ್ತಿವೆ ಎಂದು ನೋಡಲು. ಒಂದು ರೀಡಿಂಗ್‌ನಿಂದ ಟ್ರೆಂಡ್ ಹೇಳಲಾಗದು ಎಂದು ನಮಗೆ ಲ್ಯಾಬಿನಲ್ಲಿ ಮೊದಲ ಸೆಮಿಸ್ಟರ್‌ನಿಂದಲೇ ಹೇಳಿಕೊಟ್ಟಿದ್ದಾರಲ್ಲ.

ಪ್ಲೇಟ್‌ಲೆಟ್ ಏರಿಸಿದರೆ ಸಾಕೇ? ಸಿಂಗಾಪುರ, ಮಲೇಷ್ಯಾಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಪ್ಲೇಟ್‌ಲೆಟ್ 20,000ಕ್ಕೆ ಇಳಿದಿದ್ದರೂ ರಕ್ತಸ್ರಾವ ಇಲ್ಲದ ರೋಗಿಗಳಲ್ಲಿ ಕೆಲವರಿಗೆ ಪ್ಲೇಟ್‌ಲೆಟ್ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಕೊಟ್ಟವರಲ್ಲಿ ರಕ್ತಸ್ರಾವ ಕಡಿಮೆಯೇನೂ ಆಗಲಿಲ್ಲ, ಅಡ್ಡ ಪರಿಣಾಮಗಳು ಮಾತ್ರ ಹೆಚ್ಚಾದವು. 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇದು ಬಂದಿದೆ. ಪಪ್ಪಾಯಿ ಎಲೆಯ ಕಥೆಯೂ ಇಲ್ಲಿಗೇ ಬಂದು ನಿಲ್ಲುತ್ತದೆ. ಎಲೆಯ ರಸದಿಂದ ಪ್ಲೇಟ್‌ಲೆಟ್ ಬೇಗ ಏರಿತು ಎನ್ನುವ ಸಣ್ಣ ಅಧ್ಯಯನಗಳು ಉಂಟು, ಹಾಗಾಗಿ ಆ ಮೆಸೇಜ್ ಪೂರ್ತಿ ಸುಳ್ಳಲ್ಲ. ಆದರೆ ರೋಗದ ತೀವ್ರತೆ ತಗ್ಗುತ್ತದೆ, ಜೀವ ಉಳಿಯುತ್ತದೆ ಎಂದು ತೋರಿಸಿದ್ದಿಲ್ಲ. ಪ್ಲೇಟ್‌ಲೆಟ್ ಹೇಗೂ ಕೆಲವು ದಿನದಲ್ಲಿ ತಾನಾಗಿ ಏರುತ್ತದೆ, ಹೆಸರು ಎಲೆಗೆ ಬರುತ್ತದೆ. ನಮ್ಮ ತಕರಾರು ಎಲೆಯ ಮೇಲಲ್ಲ. ಆ ಕಹಿ ಕುಡಿದು ವಾಂತಿಯಾದರೆ ಅದು ರಸದ್ದೋ ರೋಗದ್ದೋ ಹೇಳುವವರು ಯಾರು? ಅಜ್ಜಿ ಕೊಡುವ ಗಂಜಿ ತಿಳಿಗೆ ಉಪ್ಪು ಹಾಕಿದ್ದು, ಬೊಂಡ, ಓಆರ್‌ಎಸ್: ಇವುಗಳಿಗೆ ವೈರಲ್ ವಿಡಿಯೋ ಇಲ್ಲ, ಆದರೆ ಮನೆಯಲ್ಲಿ ಮಾಡಬೇಕಾದ ಆರೈಕೆ ಅದೇ.

ಫೋನಿನಲ್ಲಿ ಹುಡುಕುವುದೇ ಬೇಡ ಎಂದು ನಾವು ಹೇಳುವುದಿಲ್ಲ. ಹುಡುಕುವಾಗ ಕಾಯಿಲೆಯ ಹೆಸರಿನ ಜೊತೆ "ಅಪಾಯದ ಲಕ್ಷಣಗಳು" ಎಂದು ಸೇರಿಸಿ, "ಮನೆಮದ್ದು" ಎಂದಲ್ಲ. ಬರುವ ಪುಟಗಳೇ ಬದಲಾಗುತ್ತವೆ. ಯಾವ ದೇಶದವರಿಗೆ ಬರೆದದ್ದು, ಯಾವ ವರ್ಷ, ಕೆಳಗೆ ಮಾರಾಟಕ್ಕೆ ಏನಾದರೂ ಇಟ್ಟಿದ್ದಾರಾ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಡೆಂಗ್ಯೂ ಪುಟ ಸಣ್ಣದು, ಹತ್ತು ನಿಮಿಷದಲ್ಲಿ ಓದಬಹುದು. ಚಾಟ್‌ಬಾಟ್‌ಗೆ ಕೇಳುವುದಾದರೆ ಊರು, ತಿಂಗಳು, ಜ್ವರದ ದಿನ, ತಗೊಂಡ ಮಾತ್ರೆ ಎಲ್ಲ ಹಾಕಿ ಕೇಳಿ. ಆಗಲೂ ಅದಕ್ಕೆ ನಿಮ್ಮ ನಾಡಿ ಹಿಡಿದು ನೋಡಲಾಗುವುದಿಲ್ಲ. ರಾತ್ರಿ ಎರಡು ಗಂಟೆಗೆ ಒಬ್ಬರೇ ಕೂತು ಒಂದರ ಹಿಂದೆ ಒಂದು ಪುಟ ತೆರೆದು ಎದೆ ಡವಡವ ಆಗುತ್ತಿದ್ದರೆ ಮುಂದಿನ ಪುಟದಲ್ಲಿ ಸಮಾಧಾನ ಸಿಗುವುದಿಲ್ಲ, ಪಕ್ಕದ ರೂಮಿನವರನ್ನು ಎಬ್ಬಿಸಿ. ದೇಹ ಸರಿಯಿದ್ದೂ ಆ ಗಾಬರಿ ಬಿಡದಿದ್ದರೆ ಟೆಲಿ ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕೊನೆಗೊಂದು, ಹೋದ ವರ್ಷ ಡೆಂಗ್ಯೂ ಬಂದುಹೋದವರಿಗೆ. ಒಮ್ಮೆ ಬಂದರೆ ಮತ್ತೆ ಬರುವುದಿಲ್ಲ ಎಂಬ ಮಾತು ಚಿಕನ್‌ಪಾಕ್ಸ್‌ನಿಂದ ಎರವಲು ತಂದದ್ದು. ಡೆಂಗ್ಯೂ ವೈರಸ್‌ನಲ್ಲಿ ನಾಲ್ಕು ಬಗೆ. ಒಂದು ಬಂದುಹೋದರೆ ಉಳಿದ ಮೂರಕ್ಕೆ ದಾರಿ ತೆರೆದೇ ಇರುತ್ತದೆ, ಮತ್ತು ಎರಡನೇ ಸಲ ತೀವ್ರವಾಗುವ ಸಂಭವ ಹೆಚ್ಚು. ಬಂಟ್ವಾಳ, ಬೆಳ್ತಂಗಡಿಯ ತಾಲೂಕು ಆಸ್ಪತ್ರೆಗೋ ಮೂಡುಬಿದಿರೆಯ ಸರ್ಕಾರಿ ಆಸ್ಪತ್ರೆಗೋ ಹೋದಾಗ, ಕಾರ್ಡ್ ಮಾಡಿಸುವಾಗಲೇ ಹೇಳಿಬಿಡಿ: ಇದು ನನಗೆ ಎರಡನೇ ಸಲ, ಜ್ವರ ಬಂದು ಇವತ್ತಿಗೆ ನಾಲ್ಕನೇ ದಿನ.